ಬಿದ್ದರೆ ಹದಿನೈದು ನಿಮಿಷದಲ್ಲಿ ಏಳಬೇಕು: ವಿದ್ಯಾರ್ಥಿ ತಂಡದ ಟೆಸ್ಟ್ ಡ್ರೋನ್ ಕಟ್ಟುವ ಬಗೆ

ಟ್ರ್ಯಾಕ್ಟರ್ ರೋಟಾವೇಟರ್ ಓಡಿಸಿದವರಿಗೆ ಶಿಯರ್ ಬೋಲ್ಟ್ ಗೊತ್ತಿರುತ್ತದೆ. ಗುಬ್ಬಿ, ಶಿರಾ ಕಡೆಯ ಹೊಲಗಳಲ್ಲಿ ಕಲ್ಲಿಗೇನು ಬರವೇ? ಬ್ಲೇಡಿಗೆ ದೊಡ್ಡ ಕಲ್ಲು ಸಿಕ್ಕಿಕೊಂಡ ಕ್ಷಣ ಟಕ್ ಅಂತ ಆ ಒಂದು ಬೋಲ್ಟ್ ತುಂಡಾಗುತ್ತದೆ. ಗೇರ್‌ಬಾಕ್ಸ್ ಉಳಿಯುತ್ತದೆ. ಡ್ರೈವರ್ ಬೈದುಕೊಂಡು ಇಳಿಯುತ್ತಾನೆ, ಸೀಟಿನ ಕೆಳಗಿಂದ ಇನ್ನೊಂದು ಬೋಲ್ಟ್ ತೆಗೆದು ಹಾಕುತ್ತಾನೆ, ಬೀಡಿ ಮುಗಿಯುವಷ್ಟರಲ್ಲಿ ಮತ್ತೆ ಉಳುಮೆ ಶುರು.

ವಿದ್ಯಾರ್ಥಿಗಳ ಟೆಸ್ಟ್ ಡ್ರೋನ್ ಹೀಗಿರಬೇಕು. ಮುರಿಯದ ಡ್ರೋನ್ ಅಂತ ಯಾವುದೂ ಇಲ್ಲ. ಏನು ಮುರಿಯಬೇಕು ಎಂದು ನೀವು ಮೊದಲೇ ತೀರ್ಮಾನಿಸಿದ ಡ್ರೋನ್ ಇದೆ, ತೀರ್ಮಾನಿಸದ ಡ್ರೋನ್ ಇದೆ, ಅಷ್ಟೆ.

ನಾನು ತುಮಕೂರಿನ ಒಂದು ಕಾಲೇಜಿನ ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡುವವನು. ಪ್ರತಿ ವರ್ಷ ಹೊಸ ಹುಡುಗರು, ಹುಡುಗಿಯರು ಬರುತ್ತಾರೆ. ಪ್ರತಿ ವರ್ಷವೂ ಅದೇ ಮೊದಲ ಪ್ರಶ್ನೆ: "ಸಾರ್, ಕಾರ್ಬನ್ ಫೈಬರ್ ಹಾಕಿದ್ರೆ ಮುರಿಯಲ್ಲ ಅಲ್ವಾ?" ನಮ್ಮ ಮೊದಲ ತಂಡವೂ ಹಾಗೇ ಅಂದುಕೊಂಡಿತ್ತು. ಚೆಂದದ ಕಾರ್ಬನ್ ಫ್ರೇಮ್ ತರಿಸಿದರು. ಎರಡನೇ ದಿನ ಬಿತ್ತು. ಮೋಟರ್ ಹೊತ್ತ ಒಂದು ತೋಳು ಸೀಳಿತು. ತೋಳು ಮತ್ತು ನಡುಭಾಗ ಒಂದೇ ತುಂಡಾಗಿದ್ದರಿಂದ ಇಡೀ ಫ್ರೇಮ್ ಮತ್ತೆ ತರಿಸಬೇಕಾಯಿತು. ಪಾರ್ಸೆಲ್ ಬರುವಷ್ಟರಲ್ಲಿ ಇಂಟರ್ನಲ್ ಪರೀಕ್ಷೆ ಶುರುವಾಗಿತ್ತು. ಆ ಸೆಮಿಸ್ಟರ್‌ನಲ್ಲಿ ಅವರು ಹಾರಿಸಿದ್ದು ಒಟ್ಟು ಎರಡು ದಿನ.

ಅಲ್ಲಿಂದ ನಮ್ಮಲ್ಲಿ ಒಂದು ಗೆರೆ ಹಾಕಿಕೊಂಡೆವು. ಮೈದಾನದಲ್ಲಿ, ಮರದ ನೆರಳಲ್ಲಿ ಕುಳಿತು, ಕೈಯಲ್ಲಿರುವ ಸಾಮಾನಿನಿಂದ ಹದಿನೈದು ನಿಮಿಷದಲ್ಲಿ ರಿಪೇರಿ ಆಗಬೇಕು. ಕೆಳಗೆ ಬರೆದಿರುವುದೆಲ್ಲ ಆ ಒಂದು ಗೆರೆಯಿಂದ ಹುಟ್ಟಿದ್ದು.

1. ಸ್ಕ್ರೂ ಡ್ರೈವರ್ ಹಿಡಿಯುವ ಮೊದಲು ಒಂದು ಪಟ್ಟಿ

ಒಂದು ಹಾಳೆ ತೆಗೆದುಕೊಳ್ಳಿ. ಡ್ರೋನ್ ಬಿದ್ದಾಗ ಯಾವುದು ಮೊದಲು ಹೋಗಬೇಕು, ಯಾವುದು ಕೊನೆಗೆ ಎಂದು ಸಾಲಾಗಿ ಬರೆಯಿರಿ. ನಮ್ಮ ಸಾಲು ಹೀಗಿದೆ: ಮೊದಲು ಪ್ರೊಪೆಲ್ಲರ್. ಆಮೇಲೆ ಕಾಲು. ಆಮೇಲೆ ತೋಳನ್ನು ಹಿಡಿದಿರುವ ನೈಲಾನ್ ಬೋಲ್ಟ್. ಅದೂ ಸಾಲದಿದ್ದರೆ ತೋಳು. ಅದರ ನಂತರ ಮೋಟರ್. ನಡುವಿನ ಪ್ಲೇಟ್, ಫ್ಲೈಟ್ ಕಂಟ್ರೋಲರ್ (ಡ್ರೋನ್‌ನ ಮಿದುಳಾದ ಸರ್ಕ್ಯೂಟ್ ಬೋರ್ಡ್) ಮತ್ತು ಬ್ಯಾಟರಿಯ ತನಕ ಏಟು ಹೋಗಲೇಬಾರದು.

ಗಮನಿಸಿ, ಈ ಸಾಲು ಹೆಚ್ಚೂಕಡಿಮೆ ಬೆಲೆಯ ಸಾಲೂ ಹೌದು. ಅಗ್ಗದ್ದು ಮೊದಲು, ದುಬಾರಿ ಕೊನೆಗೆ. ಇನ್ನು ಮುಂದೆ ಯಾವ ಭಾಗವನ್ನು ಆರಿಸುವಾಗಲೂ ಈ ಹಾಳೆಯನ್ನು ಎದುರಿಗಿಟ್ಟುಕೊಳ್ಳಿ. ಒಂದು ಭಾಗವನ್ನು ಗಟ್ಟಿ ಮಾಡಿದಾಗ ಏಟು ಮಾಯವಾಗುವುದಿಲ್ಲ, ಪಕ್ಕದ ಭಾಗಕ್ಕೆ ದಾಟುತ್ತದೆ. ಶಿಯರ್ ಬೋಲ್ಟ್ ಪದೇ ಪದೇ ತುಂಡಾಗುತ್ತೆ ಅಂತ ಸಿಟ್ಟಿಗೆದ್ದು ಅಲ್ಲಿ ಗಟ್ಟಿ ಹೈ ಟೆನ್ಸೈಲ್ ಬೋಲ್ಟ್ ಹಾಕಿದರೆ ಮುಂದಿನ ಕಲ್ಲಿಗೆ ಗೇರ್‌ಬಾಕ್ಸೇ ಹೋಗುತ್ತದೆ. ನಾವೂ ಒಮ್ಮೆ ಅದೇ ಮಾಡಿದೆವು. ತೋಳುಗಳಿಗೆ ಅಲ್ಯೂಮಿನಿಯಂ ಪಟ್ಟಿ ಕಟ್ಟಿದೆವು. ಮುಂದಿನ ಸಲ ಬಿದ್ದಾಗ ತೋಳಿಗೆ ಏನೂ ಆಗಲಿಲ್ಲ. ನಡುವಿನ ಪ್ಲೇಟ್ ಬಿರುಕು ಬಿಟ್ಟು, ಫ್ಲೈಟ್ ಕಂಟ್ರೋಲರ್‌ನ ಯುಎಸ್‌ಬಿ ಸಾಕೆಟ್ ಕಿತ್ತು ಬಂದಿತ್ತು.

2. ಅಳತೆ ಮತ್ತು ತೂಕ

ಮೊದಲ ಡ್ರೋನ್‌ಗೆ 450 ಅಳತೆ ಸಾಕು. ಅಂದರೆ ಎದುರುಬದುರು ಮೋಟರ್‌ಗಳ ನಡುವೆ 450 ಮಿ.ಮೀ. ಇದಕ್ಕೆ 10 ಇಂಚಿನ ಪ್ರೊಪೆಲ್ಲರ್ ಕೂರುತ್ತದೆ, ಅಕ್ಕಪಕ್ಕದ ಪ್ರೊಪೆಲ್ಲರ್‌ಗಳ ತುದಿ ನಡುವೆ ಆರು ಸೆಂಟಿಮೀಟರ್ ಜಾಗವೂ ಉಳಿಯುತ್ತದೆ. ಚಿಕ್ಕ ರೇಸಿಂಗ್ ಡ್ರೋನ್ ನೋಡೋಕೆ ಚೆಂದ, ಆದರೆ ಅದರೊಳಗೆ ಬೆರಳು ಹೋಗುವುದಿಲ್ಲ. ರಿಪೇರಿ ಮಾಡಬೇಕಾದ ಯಂತ್ರದಲ್ಲಿ ಬೆರಳಿಗೆ ಜಾಗ ಬೇಕು.

2212 ಅಳತೆಯ 920 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 920 ಸುತ್ತು) ಮೋಟರ್ ನಾಲ್ಕು, ಮೋಟರ್ ವೇಗವನ್ನು ಹತೋಟಿಯಲ್ಲಿಡುವ 30 ಆಂಪಿಯರ್ ಇಎಸ್‌ಸಿ ನಾಲ್ಕು, ಮೂರು ಸೆಲ್‌ನ 3300 ಎಂಎಎಚ್ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಒಂದು. ಇವು ಎಲ್ಲ ಕಡೆ ಸಿಗುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ ಬೆಳಗಿನ ರೈಲಿಗೆ ಹೋಗಿ ಸಂಜೆ ಒಳಗೆ ತರಬಹುದು. 'ನಾಳೆ ಸಿಗುತ್ತದಾ?' ಎಂಬ ಪ್ರಶ್ನೆಗೆ ಹೌದು ಅನ್ನುವ ಭಾಗವನ್ನೇ ಆರಿಸಿ.

ತೂಕದ ಲೆಕ್ಕ ಹೆಚ್ಚೂಕಡಿಮೆ ಹೀಗೆ: ಮೋಟರ್ ನಾಲ್ಕಕ್ಕೆ 220 ಗ್ರಾಂ, ಇಎಸ್‌ಸಿಗೆ 100, ಬ್ಯಾಟರಿ 270, ಫ್ರೇಮ್ 300, ಕಂಟ್ರೋಲರ್, ಜಿಪಿಎಸ್, ರಿಸೀವರ್ ಸೇರಿ 120, ವೈರು ಮತ್ತು ಪ್ರೊಪೆಲ್ಲರ್‌ಗೆ 130. ಒಟ್ಟು 1,140 ಗ್ರಾಂ. ಈ ಮೋಟರ್ ಒಂದೊಂದೂ ಪೂರ್ತಿ ಥ್ರಾಟಲ್‌ನಲ್ಲಿ ಸುಮಾರು 800 ಗ್ರಾಂ ಎತ್ತುತ್ತದೆ. ಅಂದರೆ ತೂಕದ ಎರಡೂವರೆ ಪಟ್ಟಿಗಿಂತ ಜಾಸ್ತಿ ಶಕ್ತಿ ಇದೆ. ಎರಡು ಪಟ್ಟಿಗಿಂತ ಕಡಿಮೆಯಾದರೆ ಗಾಳಿಗೆ ಸೆಣಸುವುದು ಕಷ್ಟ. ಕ್ಯಾಮೆರಾ, ಸೆನ್ಸರ್ ಅಂತ ಒಂದೊಂದೇ ಹೇರುತ್ತಾ ಹೋಗುವಾಗ ಈ ಲೆಕ್ಕ ಮರೆಯಬೇಡಿ. ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೂ ಸಾಕು, ಪ್ರತಿ ಭಾಗವನ್ನೂ ತೂಗಿ ಬರೆದಿಡಿ.

3. ತೋಳು ಮರದ್ದೇ ಇರಲಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಎಲ್ಲ ತಂಡಗಳೂ ಜಗಳವಾಡುವುದು ಇಲ್ಲೇ.

ಕಾರ್ಬನ್ ಫೈಬರ್ ಹಗುರ, ಗಟ್ಟಿ. ಆದರೆ ಬಿರುಕು ಒಳಗೇ ಹರಿದಿರುತ್ತದೆ, ಹೊರಗೆ ಕಾಣುವುದಿಲ್ಲ. ಅದನ್ನು ಕೊರೆಯುವಾಗ ಬರುವ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಕರೆಂಟನ್ನೂ ಹರಿಸುತ್ತದೆ. ಸರ್ಕ್ಯೂಟ್ ಮೇಲೆ ಬಿದ್ದರೆ ಶಾರ್ಟ್. ಅಲ್ಯೂಮಿನಿಯಂ ಚೌಕ ಪೈಪ್ ಅಗ್ಗ, ಆದರೆ ಮುರಿಯುವ ಬದಲು ಬಾಗುತ್ತದೆ. ಎರಡು ಡಿಗ್ರಿ ಬಾಗಿದ ತೋಳು ಕಣ್ಣಿಗೆ ನೆಟ್ಟಗೇ ಕಾಣುತ್ತದೆ. ಮೋಟರ್ ಮಾತ್ರ ಓರೆಯಾಗಿರುತ್ತದೆ. ಡ್ರೋನ್ ತನ್ನಷ್ಟಕ್ಕೆ ತಿರುಗಲು ಶುರುವಾದಾಗ ನೀವು ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುತ್ತಾ ಮೂರು ದಿನ ಕಳೆಯುತ್ತೀರಿ.

ಮರ ಸುಳ್ಳು ಹೇಳುವುದಿಲ್ಲ. ಒಂದೋ ಸರಿ ಇರುತ್ತದೆ, ಇಲ್ಲವೋ ಮುರಿದಿರುತ್ತದೆ. ಮೋಟರ್‌ನ ನಡುಕವನ್ನೂ ಅಷ್ಟಿಷ್ಟು ನುಂಗುತ್ತದೆ. ಬಾಗಿಲು, ಕಿಟಕಿ ಮಾಡುವ ಬಡಗಿಯ ಹತ್ತಿರ ತೇಗದ ಬೀಡಿಂಗ್ ಪಟ್ಟಿ ಇರುತ್ತದೆ. ಅರ್ಧ ಇಂಚು ಚೌಕದ್ದು ಕೇಳಿ. ಎಳೆ ಉದ್ದಕ್ಕೂ ನೇರವಾಗಿರಬೇಕು, ಗಂಟು ಇರಬಾರದು. 220 ಮಿ.ಮೀ. ಉದ್ದಕ್ಕೆ ಕತ್ತರಿಸಿ. ಒಂದೊಂದು ತುಂಡು 25 ಗ್ರಾಂ ಒಳಗೇ ತೂಗುತ್ತದೆ. ಮೇಲೆ ಒಂದು ಕೈ ವಾರ್ನಿಷ್ ಹಚ್ಚಿದರೆ ಇಬ್ಬನಿಯ ತೇವ ಹಿಡಿಯುವುದಿಲ್ಲ. ಬೋಲ್ಟ್ ತಲೆಯ ಕೆಳಗೆ ಅಗಲ ವಾಷರ್ ಹಾಕಿ, ಇಲ್ಲದಿದ್ದರೆ ಬಿಗಿ ಮಾಡಿದ ಕಡೆ ಮರ ಅಮುಕುತ್ತದೆ.

ನಡುಭಾಗಕ್ಕೆ 2 ಮಿ.ಮೀ. ದಪ್ಪದ ಗ್ಲಾಸ್ ಎಪಾಕ್ಸಿ ಶೀಟ್. 120 ಮಿ.ಮೀ. ಚೌಕದ ಎರಡು ಪ್ಲೇಟ್. ತೋಳುಗಳು ಇವೆರಡರ ನಡುವೆ ಸ್ಯಾಂಡ್‌ವಿಚ್ ಥರ ಕೂರುತ್ತವೆ. ಇದನ್ನು ಕೊರೆಯುವಾಗಲೂ ಮಾಸ್ಕ್ ಹಾಕಿ, ನೀರು ಚಿಮುಕಿಸಿ.

ಈಗ ಮುಖ್ಯ ಸಂಗತಿ. ಪ್ರತಿ ತೋಳಿಗೂ ಪ್ಲೇಟ್‌ನೊಳಗೆ ಎರಡೇ ಬೋಲ್ಟ್. ಒಳಗಿನದು ಸ್ಟೀಲ್. ಅಂಚಿಗೆ ಹತ್ತಿರ ಇರುವ ಹೊರಗಿನದು ನೈಲಾನ್. ತೋಳಿಗೆ ಪಕ್ಕದಿಂದ ಏಟು ಬಿದ್ದಾಗ ನೈಲಾನ್ ಬೋಲ್ಟ್ ತುಂಡಾಗುತ್ತದೆ, ತೋಳು ಸ್ಟೀಲ್ ಬೋಲ್ಟ್ ಸುತ್ತ ಬಾಗಿಲಿನ ಹಾಗೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಏಟಿನ ಜೋರು ಅಲ್ಲೇ ಕರಗಿಹೋಗುತ್ತದೆ. ನೀವು ತೋಳನ್ನು ಮತ್ತೆ ನೆಟ್ಟಗೆ ಮಾಡಿ ಹೊಸ ನೈಲಾನ್ ಬೋಲ್ಟ್ ತಿರುಗಿಸಿದರೆ ಆಯಿತು. ಇದೇ ನಮ್ಮ ಶಿಯರ್ ಬೋಲ್ಟ್. ಒಂದು ಕಿವಿಮಾತು: ನೈಲಾನ್ ತೀರಾ ಒಣಗಿದರೆ ಗಾಜಿನಂತೆ ಸಿಡಿಯುತ್ತದೆ. ಹೊಸ ಬೋಲ್ಟ್‌ಗಳನ್ನು ಕಾಳು ನೆನೆಹಾಕಿದ ಹಾಗೆ ಒಂದು ರಾತ್ರಿ ನೀರಿನಲ್ಲಿ ನೆನೆಸಿಡಿ. ತೇವ ಹೀರಿ ಮೆತ್ತಗಾಗುತ್ತವೆ, ಸಣ್ಣಪುಟ್ಟ ಒರಟು ಲ್ಯಾಂಡಿಂಗ್‌ಗೆಲ್ಲ ತುಂಡಾಗುವುದಿಲ್ಲ.

ಮೋಟರನ್ನು ನೇರವಾಗಿ ಮರಕ್ಕೆ ಹಾಕಲು ಹೋಗಬೇಡಿ. ಮೋಟರ್ ತಳದ ತೂತುಗಳು 16 ಮತ್ತು 19 ಮಿ.ಮೀ. ಅಂತರದಲ್ಲಿರುತ್ತವೆ, ಅರ್ಧ ಇಂಚಿನ ಪಟ್ಟಿಯಲ್ಲಿ ನಾಲ್ಕೂ ಹಿಡಿಸುವುದಿಲ್ಲ. ಅದೇ ಗ್ಲಾಸ್ ಎಪಾಕ್ಸಿಯ ಚಿಕ್ಕ ಪ್ಲೇಟ್‌ಗೆ ಮೋಟರ್ ಕೂರಿಸಿ, ಆ ಪ್ಲೇಟನ್ನು ಎರಡು ಬೋಲ್ಟ್‌ನಿಂದ ತೋಳಿಗೆ ಹಾಕಿ. ಆಗ ತೋಳು ಅಂದರೆ ನಾಲ್ಕು ತೂತಿನ ಒಂದು ಕೋಲು, ಅಷ್ಟೆ. ಅದರಲ್ಲಿ ಹಾಳಾಗುವುದಕ್ಕೆ ಏನೂ ಇಲ್ಲ.

ಮೋಟರ್ ತಳದ ಸ್ಕ್ರೂ ಉದ್ದದ ಬಗ್ಗೆ ಎಚ್ಚರ. ಪ್ಲೇಟ್ ದಪ್ಪ ಕಳೆದು ಮೋಟರ್ ಒಳಗೆ 3 ಮಿ.ಮೀ. ಹೋದರೆ ಸಾಕು. ಜಾಸ್ತಿ ಹೋದರೆ ತುದಿ ತಾಮ್ರದ ಸುರುಳಿಗೆ ತಾಗಿ ಮೋಟರ್ ಸುಡುತ್ತದೆ. ಹಾಕಿದ ಮೇಲೆ ಮಲ್ಟಿಮೀಟರ್‌ನಲ್ಲಿ ಸ್ಕ್ರೂಗೂ ಮೋಟರ್ ವೈರಿಗೂ ಬೀಪ್ ಬರುತ್ತದಾ ನೋಡಿ. ಬರಬಾರದು.

ನಾಲ್ಕೂ ತೋಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರಬೇಕು. ಎಡಕ್ಕೊಂದು, ಬಲಕ್ಕೊಂದು ಅಂತ ಬೇರೆ ಬೇರೆ ಮಾಡಿದರೆ ಸ್ಪೇರ್ ಕೂಡ ನಾಲ್ಕು ಥರ ಹೊರಬೇಕಾಗುತ್ತದೆ. ತೂತುಗಳಿಗೆ ಕಬ್ಬಿಣದ ಆಂಗಲ್ ತುಂಡಿನಲ್ಲಿ ಒಂದು ಜಿಗ್ (ತೂತಿನ ಜಾಗ ತೋರಿಸುವ ಅಚ್ಚು) ಮಾಡಿಕೊಳ್ಳಿ. ಪಟ್ಟಿಯನ್ನು ಅದರೊಳಗೆ ಕೂರಿಸಿ ಡ್ರಿಲ್ ಹಾಕಿದರೆ ಮುಂದಿನ ವರ್ಷದ ತಂಡ ಕೊರೆದ ತೋಳೂ ಈ ವರ್ಷದ ಡ್ರೋನ್‌ಗೆ ಕೂರುತ್ತದೆ. ಮೋಟರ್ ಕೊಳ್ಳುವಾಗಲೂ ಇದನ್ನೇ ನೋಡಿ. ಕೆಲವು ಮೋಟರ್‌ಗಳಲ್ಲಿ ಪ್ರೊಪೆಲ್ಲರ್ ನಟ್‌ನ ಮರೆ (ಥ್ರೆಡ್) ಎರಡಕ್ಕೆ ಬಲಕ್ಕೆ, ಎರಡಕ್ಕೆ ಎಡಕ್ಕೆ ಇರುತ್ತದೆ. ತಾನೇ ಬಿಗಿಯಾಗಲಿ ಅಂತ ಹಾಗೆ ಮಾಡಿರುತ್ತಾರೆ. ನಮಗೆ ನಾಲ್ಕೂ ಒಂದೇ ಮರೆಯ ಮೋಟರ್ ಬೇಕು. ನೈಲಾಕ್ ನಟ್ (ಒಳಗಿನ ನೈಲಾನ್ ಉಂಗುರದಿಂದ ಸಡಿಲವಾಗದ್ದು) ಹಾಕಿ ಬಿಗಿ ಮಾಡಿದರಾಯಿತು.

4. ಎರಡು ಉಪಕರಣ

ಇಡೀ ಫ್ರೇಮ್‌ನಲ್ಲಿ ಎಂ3 (3 ಮಿ.ಮೀ. ದಪ್ಪದ) ಬೋಲ್ಟ್ ಬಿಟ್ಟು ಬೇರೆ ಇರಬಾರದು. ಎಂ3 ಸಾಕೆಟ್ ಬೋಲ್ಟ್‌ಗೆ 2.5 ಮಿ.ಮೀ. ಅಲೆನ್ ಕೀ, ಅದರ ನಟ್‌ಗೆ 5.5 ಮಿ.ಮೀ. ಸ್ಪ್ಯಾನರ್. ಪ್ರೊಪೆಲ್ಲರ್ ನಟ್‌ಗೆ ಇನ್ನೊಂದು ಸ್ಪ್ಯಾನರ್ ಜೇಬಲ್ಲಿರಲಿ. ಉದ್ದದಲ್ಲೂ ಎರಡೇ ಬಗೆ ಇಟ್ಟುಕೊಳ್ಳಿ: ಮೋಟರ್‌ಗೆ ಚಿಕ್ಕದು, ತೋಳಿಗೆ ಉದ್ದದ್ದು. ಗುಂಡು ತಲೆಯ ಬೋಲ್ಟ್ ನೋಡೋಕೆ ಚೆಂದ, ಆದರೆ ಅದಕ್ಕೆ 2 ಮಿ.ಮೀ. ಕೀ ಬೇಕು, ಬೇಗ ಸವೆಯುತ್ತದೆ. ಬೇಡ.

ಲೋಹಕ್ಕೆ ಲೋಹ ಸೇರುವ ಕಡೆ, ಅಂದರೆ ಮೋಟರ್ ತಳದಲ್ಲಿ, ನೀಲಿ ಥ್ರೆಡ್ ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ. ಪ್ಲಾಸ್ಟಿಕ್ ಹತ್ತಿರ ಅದನ್ನು ತರಬೇಡಿ, ಎಷ್ಟೋ ಪ್ಲಾಸ್ಟಿಕ್ ಅದಕ್ಕೆ ಬಿರುಕು ಬಿಡುತ್ತದೆ. ಬಿಗಿ ಮಾಡಿದ ಮೇಲೆ ನಟ್‌ನಿಂದ ಪ್ಲೇಟ್ ಮೇಲೆ ಹರಿಯುವಂತೆ ನೇಲ್ ಪಾಲಿಶ್‌ನಲ್ಲಿ ಒಂದು ಗೀಟು ಎಳೆಯಿರಿ. ನಟ್ ಸಡಿಲವಾದರೆ ಗೀಟು ಎರಡಾಗುತ್ತದೆ. ಹಾರಿಸುವ ಮೊದಲು ಒಂದು ಸುತ್ತು ಕಣ್ಣು ಹಾಯಿಸಿದರೆ ಸಾಕು. ನಮ್ಮ ತಂಡದ ಹುಡುಗಿಯೊಬ್ಬಳು ತಂದ ಕೆಂಪು ಪಾಲಿಶ್ ಬಾಟಲಿ ಈಗ ವರ್ಕ್‌ಶಾಪ್‌ನ ಸ್ಟಾಕ್ ರಿಜಿಸ್ಟರ್‌ನಲ್ಲೇ ಇದೆ.

3ಡಿ ಪ್ರಿಂಟ್ ಮಾಡಿದ ಭಾಗಗಳಿದ್ದರೆ ಪಿಎಲ್‌ಎ ಪ್ಲಾಸ್ಟಿಕ್ ಬಳಸಬೇಡಿ. ಅದು 60 ಡಿಗ್ರಿ ಸುತ್ತಮುತ್ತ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಡ್ರೋನ್ ಬಿಟ್ಟು ಊಟಕ್ಕೆ ಹೋಗಿ ಬಂದಾಗ ನಮ್ಮ ಜಿಪಿಎಸ್ ಕಂಬ ತಲೆ ಬಾಗಿಸಿ ನಿಂತಿತ್ತು. ಪಿಇಟಿಜಿ ವಾಸಿ.

5. ವೈರು: ಬಿದ್ದಾಗ ಕಳಚಬೇಕು, ಹಾರುವಾಗ ಅಲ್ಲ

ಇಎಸ್‌ಸಿಗಳನ್ನು ಎಲ್ಲಿಡಬೇಕು ಅನ್ನುವುದರಲ್ಲಿ ನಾನೇ ಎರಡು ಸಲ ಮನಸ್ಸು ಬದಲಿಸಿದ್ದೇನೆ. ತೋಳಿನ ಮೇಲಿಟ್ಟರೆ ಪ್ರೊಪೆಲ್ಲರ್ ಗಾಳಿಗೆ ತಣ್ಣಗಿರುತ್ತವೆ. ಆದರೆ ನಮ್ಮ ಪಟ್ಟಿಯಲ್ಲಿ ತೋಳು ಮುರಿಯುವ ಜಾಗ. ಮುರಿಯುವ ಜಾಗದಲ್ಲಿ ದುಬಾರಿ ಸಾಮಾನು ಯಾಕೆ? ಈಗ ನಾಲ್ಕನ್ನೂ ಎರಡು ಪ್ಲೇಟ್‌ಗಳ ನಡುವೆ ಇಟ್ಟು, ಪಕ್ಕಗಳನ್ನು ಗಾಳಿಗೆ ತೆರೆದು ಬಿಡುತ್ತೇವೆ.

ಮೋಟರ್‌ನಿಂದ ಬರುವ ಮೂರು ವೈರುಗಳನ್ನು ಇಎಸ್‌ಸಿಗೆ ಬೆಸುಗೆ ಹಾಕಬೇಡಿ. 3.5 ಮಿ.ಮೀ. ಬುಲೆಟ್ ಕನೆಕ್ಟರ್ ಹಾಕಿ. ತೋಳು ಮಡಚಿದಾಗ ಅದು ತಾನೇ ಕಳಚಿಕೊಳ್ಳುತ್ತದೆ, ವೈರು ಹರಿಯುವುದಿಲ್ಲ. ಮೋಟರ್ ಉಲ್ಟಾ ತಿರುಗಿದರೆ ಮೂರರಲ್ಲಿ ಯಾವ ಎರಡನ್ನಾದರೂ ಅದಲುಬದಲು ಮಾಡಿದರೆ ಸರಿಯಾಗುತ್ತದೆ. ಹಾಗಾಗಿಯೇ ಒಂದು ಸ್ಪೇರ್ ಮೋಟರ್ ನಾಲ್ಕೂ ಮೂಲೆಗೆ ಸಲ್ಲುತ್ತದೆ. ಪ್ರತಿ ತೋಳಿನ ಕನೆಕ್ಟರ್‌ಗಳಿಗೆ ಒಂದೊಂದು ಬಣ್ಣದ ಹೀಟ್ ಶ್ರಿಂಕ್ ಕೊಳವೆ (ಬಿಸಿ ಮಾಡಿದರೆ ಕುಗ್ಗಿ ಕೂರುವಂಥದ್ದು) ಹಾಕಿ. ಗಡಿಬಿಡಿಯಲ್ಲಿ ತಪ್ಪಾಗುವುದಿಲ್ಲ.

ಬೆಸುಗೆ ಇರುವಲ್ಲೆಲ್ಲ, ಬೆಸುಗೆಗಿಂತ ಒಂದು ಇಂಚು ಮೊದಲೇ ವೈರನ್ನು ಜಿಪ್ ಟೈನಿಂದ ಫ್ರೇಮ್‌ಗೆ ಕಟ್ಟಿ. ಎಳೆತ ಟೈ ಮೇಲೆ ಬೀಳಬೇಕು, ಬೆಸುಗೆ ಮೇಲಲ್ಲ. ವೈರು ಬಿಗಿಯಾಗಿ ಅಳತೆಗೆ ಕತ್ತರಿಸಿದರೆ ನೀಟಾಗಿ ಕಾಣುತ್ತದೆ, ನಿಜ. ಆದರೆ ಎರಡು ಸಲ ತುದಿ ಕತ್ತರಿಸಿ ಮತ್ತೆ ಬೆಸೆಯುವಷ್ಟು ಉದ್ದ ಉಳಿಸಿಕೊಳ್ಳಿ. ಸೊಂಟದಲ್ಲಿ ಬಟ್ಟೆ ಬಿಟ್ಟು ಹೊಲಿಯುವ ದರ್ಜಿಯ ಬುದ್ಧಿ ಇದು.

6. ಬ್ಯಾಟರಿ ಮೇಲೆ, ಕಾಲು ಗಿಡ್ಡ

ಬ್ಯಾಟರಿ ಎಲ್ಲಕ್ಕಿಂತ ಭಾರದ ಒಂಟಿ ವಸ್ತು. ಅದನ್ನು ಹೊಟ್ಟೆಯ ಕೆಳಗೆ ಕಟ್ಟಿದರೆ ಬಿದ್ದಾಗ ಕಲ್ಲಿಗೆ ಮೊದಲು ಸಿಗುವುದು ಅದೇ. ಲಿಪೋ ತೂತಾದರೆ ಬೆಂಕಿ. ಮೇಲಿನ ಪ್ಲೇಟ್ ಮೇಲಿಟ್ಟು, ಅಡಿಗೆ ಜಾರದ ರಬ್ಬರ್ ಹಾಸಿ, ಎರಡು ವೆಲ್ಕ್ರೋ ಪಟ್ಟಿಯಿಂದ ಕಟ್ಟಿ. ಒಂದು ಪಟ್ಟಿ ಸಾಲದು.

ಕಾಲಿನ ವಿಷಯಕ್ಕೆ ನಮ್ಮ ಗುರು ರಾಗಿ ಹೊಲ. ಕೊಯ್ಲಾದ ಹೊಲದಲ್ಲಿ ಕೂಳೆ ನಿಂತಿರುತ್ತದೆ. ಉದ್ದ ಕಾಲಿನ ಡ್ರೋನ್ ಇಳಿಯುವಾಗ ಒಂದು ಕಾಲು ಕೂಳೆಗೆ ಸಿಕ್ಕಿ ಡ್ರೋನ್ ಮಗುಚಿಕೊಳ್ಳುತ್ತದೆ, ಪ್ರೊಪೆಲ್ಲರ್ ಹೋಗುತ್ತದೆ. ಅದಕ್ಕೆ ಕಾಲು ಗಿಡ್ಡವಾಗಿರಲಿ, ತೋಳಿನ ತುದಿಗೆ ಹತ್ತಿರವಾಗಿ ಅಗಲಕ್ಕೆ ಇರಲಿ. ಸವೆದ ಹವಾಯಿ ಚಪ್ಪಲಿಯ ಅಟ್ಟೆಯನ್ನು ತುಂಡು ಮಾಡಿ, ಒಂದರ ಮೇಲೊಂದು ಅಂಟಿಸಿ, ತೋಳಿನ ಕೆಳಗೆ ಜಿಪ್ ಟೈನಿಂದ ಕಟ್ಟಿ. ನಗಬೇಡಿ. ನಾನು ನೋಡಿದ ಅತ್ಯುತ್ತಮ ಲ್ಯಾಂಡಿಂಗ್ ಗೇರ್ ಇದು. ಜೋರಾಗಿ ಬಿದ್ದರೆ ಟೈ ಹರಿದು ಚಪ್ಪಲಿ ತುಂಡು ಹಾರಿಹೋಗುತ್ತದೆ. ಹುಡುಕಿ ತಂದು ಮತ್ತೆ ಕಟ್ಟುವುದು.

7. ಹಾರಿಸುವ ಮೊದಲು ಬೀಳಿಸಿ

ಈ ಹಂತವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ.

ಮೊದಲು ಭಾರದ ಪರೀಕ್ಷೆ. ನಡುವಿನ ಪ್ಲೇಟನ್ನು ತಲೆಕೆಳಗಾಗಿ ಮೇಜಿಗೆ ಕ್ಲಾಂಪ್ ಮಾಡಿ, ತೋಳಿನ ತುದಿಗೆ ಎರಡು ಲೀಟರ್ ನೀರು ತುಂಬಿದ ಬಾಟಲಿ ನೇತುಹಾಕಿ. ಅಂದರೆ ಎರಡು ಕೆಜಿ, ಮೋಟರ್ ಎತ್ತುವುದರ ಎರಡು ಪಟ್ಟಿಗಿಂತ ಜಾಸ್ತಿ. ಐದು ನಿಮಿಷ ಬಿಡಿ. ನೈಲಾನ್ ಬೋಲ್ಟ್ ಹಿಡಿದುಕೊಂಡರೆ ಹಾರುವಾಗಲೂ ಹಿಡಿದುಕೊಳ್ಳುತ್ತದೆ. ನಾಲ್ಕೂ ತೋಳಿಗೆ ಮಾಡಿ.

ಆಮೇಲೆ ಬೀಳಿಸುವ ಪರೀಕ್ಷೆ. ಮೋಟರ್ ಜಾಗದಲ್ಲಿ 55 ಗ್ರಾಂ ತೂಗುವಷ್ಟು ಹಳೆ ನಟ್‌ಗಳ ಗಂಟು, ಬ್ಯಾಟರಿ ಜಾಗದಲ್ಲಿ 270 ಗ್ರಾಂ ಮರಳಿನ ಪೊಟ್ಟಣ, ಕಂಟ್ರೋಲರ್ ಜಾಗದಲ್ಲಿ ಒಂದು ಸೋಪಿನ ತುಂಡು. ಒಂದು ಮೀಟರ್ ಎತ್ತರದಿಂದ ಚಪ್ಪಟೆಯಾಗಿ ಬಿಡಿ. ಎರಡು ಮೀಟರ್‌ನಿಂದ ಒಂದು ತೋಳು ಕೆಳಗೆ ಬರುವಂತೆ ಓರೆಯಾಗಿ ಬಿಡಿ. ಆಮೇಲೆ ಮೊದಲ ಮಹಡಿಯಿಂದ. ಕೆಳಗೆ ಯಾರೂ ಇಲ್ಲದಂತೆ ನೋಡಿಕೊಳ್ಳಿ. ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿ. ಎರಡು ಮೀಟರ್‌ನಿಂದ ಬಿದ್ದದ್ದು ಸೆಕೆಂಡಿಗೆ ಆರು ಮೀಟರ್‌ಗಿಂತ ಜಾಸ್ತಿ ವೇಗದಲ್ಲಿ ನೆಲ ಮುಟ್ಟುತ್ತದೆ. ಹತ್ತು ಮೀಟರ್‌ನಿಂದಾದರೆ ಗಂಟೆಗೆ 50 ಕಿ.ಮೀ., ಅಂದರೆ ಹೆದ್ದಾರಿಯಲ್ಲಿ ಬೈಕಿನ ಏಟು.

ಈಗ ಮೊದಲು ಬರೆದ ಹಾಳೆ ತೆಗೆಯಿರಿ. ಮುರಿದ ಸಾಲು ಬರೆದ ಸಾಲಿಗೆ ಹೊಂದುತ್ತದಾ? ಬೋಲ್ಟ್‌ಗಿಂತ ಮೊದಲು ತೋಳು ಮುರಿದರೆ ಎಳೆ ಓರೆಯಾಗಿದೆ ಅಥವಾ ಬೋಲ್ಟ್ ತೂತು ತೀರಾ ದೊಡ್ಡದಾಗಿದೆ. ಪ್ಲೇಟ್ ಬಿರುಕು ಬಿಟ್ಟರೆ ತೂತುಗಳು ಅಂಚಿಗೆ ಹತ್ತಿರವಾಗಿವೆ. ನಾವು ಮೂರು ಸಲ ತೂತಿನ ಜಾಗ ಬದಲಿಸಿದ ಮೇಲೆ ಸಾಲು ಸರಿಹೋಯಿತು. ಆ ಮೂರು ಸಲಕ್ಕೆ ಖರ್ಚಾಗಿದ್ದು ಬೀಡಿಂಗ್ ತುಂಡು ಮತ್ತು ಒಂದು ಸೋಪು.

8. ಸಾಫ್ಟ್‌ವೇರ್‌ನಲ್ಲಿ ಮೂರು ಮಾತು

ಪಿಕ್ಸ್‌ಹಾಕ್ ಥರದ ಫ್ಲೈಟ್ ಕಂಟ್ರೋಲರ್ ಬೋರ್ಡಿನಲ್ಲಿ ಆರ್ಡುಪೈಲಟ್ ಎಂಬ ಸಾಫ್ಟ್‌ವೇರ್ ಬಳಸುತ್ತೀರಿ ಎಂದುಕೊಂಡು ಹೇಳುತ್ತೇನೆ. ಬೋರ್ಡನ್ನು ಮೆತ್ತನೆಯ ಫೋಮ್ ಟೇಪ್ ಮೇಲೆ ಕೂರಿಸಿ. ಮೊದಲ ಹಾರಾಟದ ಲಾಗ್ (ಬೋರ್ಡ್ ಬರೆದಿಟ್ಟ ದಾಖಲೆ) ತೆರೆದು ವೈಬ್ರೇಶನ್ ನೋಡಿ. 30ರ ಒಳಗಿದ್ದರೆ ಚೆನ್ನ. 60 ದಾಟಿದರೆ ಪ್ರೊಪೆಲ್ಲರ್ ಅಥವಾ ಮೋಟರ್‌ನಲ್ಲಿ ಏನೋ ತಪ್ಪಿದೆ, ಮತ್ತೆ ಹಾರಿಸಬೇಡಿ.

ಎರಡನೆಯದು ಫೇಲ್‌ಸೇಫ್, ಅಂದರೆ ಸಿಗ್ನಲ್ ಅಥವಾ ಬ್ಯಾಟರಿ ಕೈಕೊಟ್ಟಾಗ ಡ್ರೋನ್ ತಾನೇ ಏನು ಮಾಡಬೇಕು ಅನ್ನುವುದು. ಪ್ರೊಪೆಲ್ಲರ್ ಬಿಚ್ಚಿ, ಆರ್ಮ್ ಮಾಡಿ (ಮೋಟರ್ ಚಾಲೂ ಮಾಡಿ), ಥ್ರಾಟಲ್ ಸ್ವಲ್ಪ ಎತ್ತಿ, ರಿಮೋಟ್ ಆಫ್ ಮಾಡಿ. ಏನಾಗುತ್ತದೆ ಅಂತ ಕಣ್ಣಾರೆ ನೋಡಿ. ಬ್ಯಾಟರಿ 10.5 ವೋಲ್ಟ್‌ಗೆ ಇಳಿದರೆ ಡ್ರೋನ್ ತಾನೇ ನೆಲಕ್ಕೆ ಬರುವಂತೆ ಸೆಟ್ ಮಾಡಿ.

ಮೂರನೆಯದು ನಮ್ಮ ಜಿಲ್ಲೆಗೇ ವಿಶೇಷ. ಸಿಗ್ನಲ್ ಕಳೆದುಹೋದರೆ ಡ್ರೋನ್ ಹೊರಟ ಜಾಗಕ್ಕೆ ಮರಳುವ ಎತ್ತರ ಮೊದಲೇ 15 ಮೀಟರ್ ಅಂತ ಇಟ್ಟಿರುತ್ತಾರೆ. ಬಯಲಲ್ಲಿ ಸರಿ. ಆದರೆ ತುಮಕೂರು, ತಿಪಟೂರು ಕಡೆ ಹಳೆಯ ತೆಂಗಿನ ಮರ 20 ಮೀಟರ್ ದಾಟಿ ನಿಂತಿರುತ್ತದೆ. ಡ್ರೋನ್ ವಿಧೇಯವಾಗಿ ಮರಳುತ್ತಾ ಗರಿಯೊಳಗೆ ನುಗ್ಗುತ್ತದೆ. 30 ಮೀಟರ್ ಮಾಡಿ. ನಾವು ಇದನ್ನು ಕಲಿತದ್ದು ಕಾಯಿ ಕೀಳುವವರಿಗೆ ಕಾಸು ಕೊಟ್ಟು ಡ್ರೋನ್ ಇಳಿಸಿದ ಮೇಲೆ.

9. ಎಲ್ಲಿ, ಯಾವಾಗ

2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂಗಿಂತ ಜಾಸ್ತಿ, 2 ಕೆಜಿ ಒಳಗಿನದು ಮೈಕ್ರೋ ಡ್ರೋನ್. ನಮ್ಮದು ಅದೇ ಗುಂಪು. ವ್ಯಾಪಾರಕ್ಕಲ್ಲದೆ ಹಾರಿಸುವುದಕ್ಕೆ ಪೈಲಟ್ ಪ್ರಮಾಣಪತ್ರ ಬೇಡ. ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಸಂಶೋಧನೆಗಾಗಿ ಹಸಿರು ವಲಯದೊಳಗೆ (ಸರ್ಕಾರದ ನಕ್ಷೆಯಲ್ಲಿ ಮುಂಗಡ ಅನುಮತಿ ಬೇಡದ ಜಾಗ), ತಮ್ಮ ಆವರಣದಲ್ಲಿ ಅಥವಾ ತಮ್ಮ ಹಿಡಿತದಲ್ಲಿರುವ ಬಯಲಲ್ಲಿ ಹಾರಿಸುವುದಾದರೆ ನೋಂದಣಿ ಸಂಖ್ಯೆಯಿಂದಲೂ ವಿನಾಯಿತಿ ಇದೆ. ಆ ಗೆರೆ ದಾಟಿ ಹೊರಗೆ ಹೋದರೆ ನೋಂದಣಿ ಮಾಡಿಸಲೇಬೇಕು. ಹಸಿರು ವಲಯದಲ್ಲಿ ಮೇಲ್ಮಿತಿ 400 ಅಡಿ. ಟೆಸ್ಟ್ ಡ್ರೋನ್‌ಗೆ ನಲವತ್ತು ಅಡಿಯೇ ಧಾರಾಳ.

ವಲಯದ ನಕ್ಷೆಯನ್ನು ಹೊರಡುವ ದಿನ ಬೆಳಿಗ್ಗೆಯೇ ನೋಡಿ. ನಿನ್ನೆ ಹಸಿರಿದ್ದದ್ದು ಇವತ್ತು ಹಾಗೇ ಇರಬೇಕಂತಿಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಗಿದೆ. ಆ ಕಡೆ ನೆಂಟರ ತೋಟ ಇದೆ ಅಂತ ಸುಮ್ನೆ ಹೋಗಿ ಹಾರಿಸಬೇಡಿ. ಸಿದ್ಧಗಂಗೆ ಜಾತ್ರೆಯ ಜನದ ಮೇಲೆ ಹಾರಿಸುವ ಆಸೆಯನ್ನೂ ಬಿಟ್ಟುಬಿಡಿ.

ಹೊತ್ತು ಬೆಳಿಗ್ಗೆ ಆರೂವರೆಯಿಂದ ಒಂಬತ್ತು. ಆಷಾಢದ ಗಾಳಿಯಲ್ಲಿ ಹೊಸ ಡ್ರೋನ್ ಹೊರಗೆ ತೆಗೆಯುವುದೇ ಬೇಡ. ಆ ತಿಂಗಳು ವರ್ಕ್‌ಶಾಪ್‌ನಲ್ಲಿ ತೋಳು ಕೊರೆಯುತ್ತಾ ಕೂರಿ. ಕಂಪಾಸ್ ಕ್ಯಾಲಿಬ್ರೇಶನ್ ಮಾಡುವಾಗ ಬೈಕುಗಳಿಂದ ದೂರ ಹೋಗಿ, ಜೇಬಿನ ಫೋನನ್ನೂ ಯಾರಿಗಾದರೂ ಕೊಟ್ಟುಬಿಡಿ.

ಬ್ಯಾಟರಿ ಚಾರ್ಜ್ ಮಾಡುವಾಗ ಒಬ್ಬರು ಪಕ್ಕದಲ್ಲೇ ಇರಬೇಕು. 3300 ಎಂಎಎಚ್‌ಗೆ 3.3 ಆಂಪಿಯರ್ ಮೀರಬಾರದು. ಒಂದು ಬಕೆಟ್ ಒಣ ಮರಳು ಹತ್ತಿರ ಇರಲಿ. ಹಾಸ್ಟೆಲ್ ಮಂಚದ ಮೇಲೆ ಚಾರ್ಜ್‌ಗೆ ಹಾಕಿ ಮಲಗಿದವರನ್ನು ತಂಡದಿಂದ ತೆಗೆಯುತ್ತೇನೆ ಅಂತ ನಾನು ಮೊದಲ ದಿನವೇ ಹೇಳಿಬಿಡುತ್ತೇನೆ. ಊದಿಕೊಂಡ ಬ್ಯಾಟರಿಗೆ ಕನಿಕರ ತೋರಿಸಬೇಡಿ.

10. ಬಿದ್ದ ಮೇಲೆ

ಓಡಬೇಡಿ. ಮೊದಲು ರಿಮೋಟ್‌ನಲ್ಲಿ ಡಿಸ್‌ಆರ್ಮ್. ಆಮೇಲೆ ನಡೆದು ಹೋಗಿ, ಬ್ಯಾಟರಿ ಬಿಚ್ಚಿ, ಅದನ್ನು ಹತ್ತು ನಿಮಿಷ ಬೇರೆ ಕಡೆ, ಒಣಹುಲ್ಲಿನಿಂದ ದೂರ ನೆಲದ ಮೇಲಿಡಿ. ತಗ್ಗು ಬಿದ್ದಿದ್ದರೆ, ಬಿಸಿಯಾಗುತ್ತಿದ್ದರೆ ಅದರ ಆಯಸ್ಸು ಮುಗಿಯಿತು. ಬಿದ್ದ ಜಾಗದ ಫೋಟೋ ತೆಗೆಯಿರಿ, ತುಂಡುಗಳನ್ನು ಮುಟ್ಟುವ ಮೊದಲೇ.

ಈಗ ಗಡಿಯಾರ ಶುರು. ನಮ್ಮ ಡಬ್ಬಿಯಲ್ಲಿ ಇರುವುದು ಇಷ್ಟು: ಪ್ರೊಪೆಲ್ಲರ್ ಹತ್ತು ಜೋಡಿ, ಕೊರೆದು ವಾರ್ನಿಷ್ ಹಚ್ಚಿದ ತೋಳು ನಾಲ್ಕು, ನೈಲಾನ್ ಬೋಲ್ಟ್ ಮೂವತ್ತು, ಸ್ಟೀಲ್ ಬೋಲ್ಟ್ ಮತ್ತು ನಟ್ ಒಂದು ಹಿಡಿ, ಪ್ಲೇಟ್‌ಗೆ ಕೂರಿಸಿದ ಮೋಟರ್ ಒಂದು, ಕನೆಕ್ಟರ್ ಬೆಸೆದ ಇಎಸ್‌ಸಿ ಒಂದು, ಜಿಪ್ ಟೈ, ಚಪ್ಪಲಿ ತುಂಡು, ಬ್ರಷ್, ಸೆಲ್ಲೋಟೇಪ್. ಕೊನೆಯದು ಯಾಕೆ ಅಂದರೆ, ಮಣ್ಣಿನಲ್ಲಿರುವ ಕಬ್ಬಿಣದ ಪುಡಿಯನ್ನು ಮೋಟರ್‌ನ ಅಯಸ್ಕಾಂತ ಎಳೆದುಕೊಳ್ಳುತ್ತದೆ. ಬ್ರಷ್‌ಗೆ ಬರುವುದಿಲ್ಲ, ಟೇಪ್‌ನ ಅಂಟಿಗೆ ಬರುತ್ತದೆ. ಮೋಟರನ್ನು ಕೈಯಲ್ಲಿ ತಿರುಗಿಸಿ ಕಿವಿ ಹತ್ತಿರ ಹಿಡಿಯಿರಿ. ಕರಕರ ಅಂದರೆ ಇನ್ನೂ ಮಣ್ಣಿದೆ, ಅಥವಾ ಬೇರಿಂಗ್ ಹೋಗಿದೆ.

ಪ್ರೊಪೆಲ್ಲರ್‌ನಲ್ಲಿ ಕೂದಲೆಳೆ ಬಿರುಕಿದ್ದರೂ ಎಸೆಯಿರಿ. ಅಂಟು ಹಚ್ಚಿ ಹಾರಿಸಲು ನೋಡಬೇಡಿ. ಹಾಕುವಾಗ ಮುಂದಿನ ಬಲ ಮತ್ತು ಹಿಂದಿನ ಎಡಕ್ಕೆ ಅಪ್ರದಕ್ಷಿಣೆಯದು, ಮುಂದಿನ ಎಡ ಮತ್ತು ಹಿಂದಿನ ಬಲಕ್ಕೆ ಪ್ರದಕ್ಷಿಣೆಯದು. ಒಬ್ಬರು ಹಾಕಬೇಕು, ಇನ್ನೊಬ್ಬರು ನೋಡಬೇಕು. ನಮ್ಮ ತಂಡದ ಅರ್ಧ ಕ್ರ್ಯಾಶ್‌ಗಳು ರಿಪೇರಿ ಆದ ಎರಡು ನಿಮಿಷಕ್ಕೇ, ಪ್ರೊಪೆಲ್ಲರ್ ಉಲ್ಟಾ ಹಾಕಿಯೇ ಆಗಿರುವುದು.

ಆಮೇಲೆ ಪುಸ್ತಕ. ನೂರು ಪುಟದ ಸಾದಾ ನೋಟ್‌ಬುಕ್. ತಾರೀಕು, ಏನು ಮಾಡುವಾಗ ಬಿತ್ತು, ಯಾವ ಸಾಲಿನಲ್ಲಿ ಏನೇನು ಮುರಿಯಿತು, ರಿಪೇರಿಗೆ ಎಷ್ಟು ನಿಮಿಷ, ಮೈದಾನದಲ್ಲಿ ಯಾವ ಸಾಮಾನು ಸಿಗದೆ ಪರದಾಡಿದಿರಿ. ಯಾರ ಕೈಯಲ್ಲಿ ಬಿತ್ತು ಅನ್ನುವುದನ್ನು ಬರೆಯಬೇಡಿ. ಬರೆದರೆ ಹುಡುಗರು ಬಿದ್ದದ್ದನ್ನೇ ಮುಚ್ಚಿಡುತ್ತಾರೆ. ಒಂದೇ ಭಾಗ ಮೂರು ಸಲ ಕಾಣಿಸಿಕೊಂಡರೆ ಅದರ ವಿನ್ಯಾಸ ಬದಲಿಸುವ ಹೊತ್ತು ಬಂತು. ಪ್ರೊಪೆಲ್ಲರ್ ಮತ್ತು ನೈಲಾನ್ ಬೋಲ್ಟ್ ಈ ಲೆಕ್ಕಕ್ಕಿಲ್ಲ, ಅವುಗಳ ಕೆಲಸವೇ ಅದು.

ಮನೆಗೆ ಹೊರಡುವ ಮೊದಲು ಡಬ್ಬಿಯಲ್ಲಿ ಖಾಲಿಯಾದ್ದನ್ನು ಪುಸ್ತಕದ ಕೊನೆಯ ಪುಟದಲ್ಲಿ ಬರೆದು, ಅದರ ಫೋಟೋವನ್ನು ತಂಡದ ವಾಟ್ಸಾಪ್ ಗುಂಪಿಗೆ ಹಾಕಿ. ಉಳಿದ ಬ್ಯಾಟರಿಗಳನ್ನು ಸೆಲ್ಲಿಗೆ 3.8 ವೋಲ್ಟ್‌ಗೆ ತಂದು, ಗಾಳಿಯಾಡುವ ಡಬ್ಬಿಯಲ್ಲಿಡಿ. ಬಿಗಿ ಮುಚ್ಚಳದ ಸ್ಟೀಲ್ ಟಿಫಿನ್ ಡಬ್ಬಿ ಬೇಡ. ಒಳಗೆ ಬೆಂಕಿ ಹತ್ತಿದರೆ ಅದು ಬಾಂಬು.